ಒಂದು ರೂಪಾಯಿ ಕಟ್ಟಿ, ಲೆಕ್ಕ ನೋಡಿ

ಓದುಗರ ಪ್ರಶ್ನೆ, ನನ್ನ ಉತ್ತರ

ಮೂವತ್ತೊಂದು ವರ್ಷ ಲೆಕ್ಕ ಪರಿಶೋಧನೆಯ ಕೆಲಸ ಮಾಡಿ ನಿವೃತ್ತಳಾದ ಮೇಲೆ, ಧಾರವಾಡದಲ್ಲಿ ನಾವು ಒಂಬತ್ತು ಜನ ಸೇರಿ ಚುನಾವಣಾ ಖರ್ಚಿನ ಮೇಲೆ ಕಣ್ಣಿಡುವ ಸಣ್ಣದೊಂದು ಗುಂಪು ಮಾಡಿಕೊಂಡಿದ್ದೇವೆ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮೊದಲನೆಯ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಅನೇಕರು ಕೇಳಿದ್ದರಿಂದ ಅದರ ಉತ್ತರ ಉದ್ದವಾಗಿದೆ.

ಪ್ರಶ್ನೆ: ಮೇಡಂ, ನಾವು ಹತ್ತು ಹನ್ನೆರಡು ಮಂದಿ, ಹೆಚ್ಚಿನವರು ನಿವೃತ್ತ ಶಿಕ್ಷಕರು. ಚುನಾವಣೆಯಲ್ಲಿ ದುಡ್ಡಿನ ಆಟ ನಿಲ್ಲಬೇಕು, ಪಕ್ಷಗಳಿಗೆ ಬರುವ ಹಣ ಜನರಿಗೆ ಕಾಣಬೇಕು ಎಂದು ನಮ್ಮ ತಾಲ್ಲೂಕಿನಲ್ಲಿ ಕೆಲಸ ಶುರು ಮಾಡಿದ್ದೇವೆ. ವಂತಿಗೆ ಕೇಳಲು ಹೋದರೆ "ನೀವು ಯಾವ ಪಾರ್ಟಿಯವರು?" ಅನ್ನುತ್ತಾರೆ. ಹೋದ ವರ್ಷ 14,000 ರೂಪಾಯಿ ಕೂಡಿತು. ಅದರ ಲೆಕ್ಕದಲ್ಲೇ ನಮ್ಮ ನಮ್ಮಲ್ಲಿ ಮನಸ್ತಾಪ ಬಂತು. ಹಣ ಕೂಡಿಸುವುದು ಹೇಗೆ?
– ನಿವೃತ್ತ ಮುಖ್ಯೋಪಾಧ್ಯಾಯರು, ಹಾವೇರಿ ಜಿಲ್ಲೆ

ಉತ್ತರ: ಸರ್, "ಯಾವ ಪಾರ್ಟಿ" ಎಂದು ಕೇಳಿದವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಊರಲ್ಲಿ ಜಾತ್ರೆಗೆ ಪಟ್ಟಿ ಎತ್ತಿದರೆ ಜನ ಕೊಡುತ್ತಾರೆ, ಯಾಕೆಂದರೆ ತೇರು ಕಣ್ಣಿಗೆ ಕಾಣುತ್ತದೆ. ಚುನಾವಣೆಯ ಹೆಸರು ಹೇಳಿಕೊಂಡು ಬಂದವರಿಂದ ಅವರು ಇದುವರೆಗೆ ನೋಡಿದ್ದು ಕರಪತ್ರ ಮತ್ತು ಕವರು ಮಾತ್ರ. ಹಾಗಾಗಿ ಮೊದಲ ಆರು ತಿಂಗಳು ಯಾರ ಹತ್ತಿರವೂ ದುಡ್ಡು ಕೇಳಬೇಡಿ. ದುಡ್ಡು ಬೇಕಿಲ್ಲದ ಕೆಲಸವೇ ಬೇಕಾದಷ್ಟಿದೆ. ಅದನ್ನು ಮಾಡಿ, ಸಂತೆಯಲ್ಲಿ ನಿಂತು ತೋರಿಸಿ. ಆಮೇಲೆ ಕೈ ಚಾಚಿ.

ನಮ್ಮದನ್ನೇ ಹೇಳುತ್ತೇನೆ. ಮೊದಲ ವರ್ಷ ನಮ್ಮ ಒಟ್ಟು ಖರ್ಚು 3,860 ರೂಪಾಯಿ: ಝೆರಾಕ್ಸು, ಬಸ್ ಚಾರ್ಜು, ಒಂದು ಕಿರ್ದಿ ಪುಸ್ತಕ. ಹೆಚ್ಚುಕಡಿಮೆ ಅಷ್ಟೂ ನಮ್ಮ ನಮ್ಮ ಕೈಯಿಂದಲೇ. ನಮ್ಮ ಕ್ಷೇತ್ರದ ಅಭ್ಯರ್ಥಿಗಳು ನಾಮಪತ್ರದ ಜೊತೆ ಕೊಟ್ಟಿದ್ದ ಪ್ರಮಾಣಪತ್ರಗಳಿಂದ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ, ವಿದ್ಯಾರ್ಹತೆ ಎತ್ತಿಕೊಂಡು ಒಂದೇ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಮಾರುಕಟ್ಟೆಯಲ್ಲಿ ಹಂಚಿದೆವು. ಎಲ್ಲ ಪಕ್ಷದವರದ್ದೂ ಒಂದೇ ಹಾಳೆಯಲ್ಲಿತ್ತು, ಅಕಾರಾದಿಯಾಗಿ. "ಯಾವ ಪಾರ್ಟಿ" ಎಂದು ಕೇಳಿದವರಿಗೆ ಆ ಹಾಳೆಯೇ ಉತ್ತರವಾಯಿತು.

ಸುಭಾಸ ರಸ್ತೆಯಲ್ಲಿ ಕಾಯಿಪಲ್ಯೆ ಮಾರುವ ಒಬ್ಬ ಅಜ್ಜಿ ಹಾಳೆಯನ್ನು ಪಕ್ಕದ ಹುಡುಗನಿಂದ ಓದಿಸಿಕೊಂಡು ಇಪ್ಪತ್ತು ರೂಪಾಯಿ ಕೊಟ್ಟಳು. ನಮಗೆ ಬಂದ ಮೊದಲ ವಂತಿಗೆ ಅದು. "ಚೀಟಿ ಕೊಡವಾ" ಅಂದಳು. ನಮ್ಮ ಹತ್ತಿರ ರಸೀದಿ ಪುಸ್ತಕವೇ ಇರಲಿಲ್ಲ. ಮರುದಿನ ಮಾಡಿಸಿಕೊಂಡು ಹೋಗಿ ಒಂದನೇ ನಂಬರಿನ ರಸೀದಿ ಹರಿದುಕೊಟ್ಟೆ. ಅದನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಳು. ತಿಂಗಳ ಮೇಲೆ ಮತ್ತೆ ಹೋದಾಗ ಬದನೆಕಾಯಿ ತೂಗುತ್ತಲೇ, "ನನ್ನ ಇಪ್ಪತ್ತು ರೂಪಾಯಿ ಏನ್ ಮಾಡಿದ್ರವಾ?" ಎಂದು ಕೇಳಿದಳು. ಕಿರ್ದಿ ತೆಗೆದು ತೋರಿಸಿದೆ: ಹತ್ತು ಝೆರಾಕ್ಸು, ಒಂದಕ್ಕೆ ಎರಡು ರೂಪಾಯಿ. ಅವಳು ಓದು ಬಾರದವಳು. ಆದರೂ ನಾನು ಬೆರಳಿಟ್ಟ ಸಾಲನ್ನು ಬಗ್ಗಿ ನೋಡಿದಳು. ಮೂವತ್ತೊಂದು ವರ್ಷದ ನೌಕರಿಯಲ್ಲಿ ನಾನು ಕೇಳಬೇಕಾಗಿದ್ದ ಪ್ರಶ್ನೆಯೂ ಅದೇ ಆಗಿತ್ತು.

ಅದೇ ವರ್ಷ ಕಟ್ಟಡ ಕೆಲಸದ ಗುತ್ತಿಗೆದಾರರೊಬ್ಬರು ಮನೆಗೆ ಬಂದು 50,000 ರೂಪಾಯಿ ಕೊಡಲು ಮುಂದಾದರು. ಒಳ್ಳೆಯ ಮನುಷ್ಯ, ನಮ್ಮ ಕೆಲಸದ ಮೇಲೆ ನಿಜವಾದ ಪ್ರೀತಿ ಇದ್ದವರು. ಕೇಳಿದ್ದು ಒಂದೇ: "ನನ್ನ ಹೆಸರು ಎಲ್ಲೂ ಬರಬಾರದು." ನಮ್ಮ ಒಂಬತ್ತು ಜನರಲ್ಲಿ ಐವರಿಗೆ ತೆಗೆದುಕೊಳ್ಳಬೇಕು ಅನ್ನಿಸಿತು. ರಾತ್ರಿ ಹನ್ನೊಂದರವರೆಗೆ ಚರ್ಚೆಯಾಯಿತು. ಪಕ್ಷಗಳಿಗೆ ಯಾರು ದುಡ್ಡು ಕೊಟ್ಟರು ಎಂಬುದು ಮತದಾರನಿಗೆ ತಿಳಿಯಬೇಕು ಎಂದು ಹಗಲೆಲ್ಲ ಹೇಳಿ, ನಮಗೆ ಯಾರು ಕೊಟ್ಟರು ಎಂಬುದನ್ನು ರಾತ್ರಿ ಮುಚ್ಚಿಡುವುದು ನನ್ನಿಂದ ಆಗಲಿಲ್ಲ. ಹಣ ತಿರುಗಿ ಕೊಟ್ಟೆವು. ಅವತ್ತೇ ಒಂದು ನಿಯಮ ಬರೆದುಕೊಂಡೆವು: ಒಬ್ಬರಿಂದ ವರ್ಷಕ್ಕೆ 2,000 ರೂಪಾಯಿಗಿಂತ ಹೆಚ್ಚು ಬೇಡ, ಹತ್ತು ರೂಪಾಯಿ ಕೊಟ್ಟವರದ್ದೂ ಹೆಸರು ಬೋರ್ಡಿನ ಮೇಲೆ, ಅಭ್ಯರ್ಥಿಗಳಿಂದ, ಪಕ್ಷದ ಪದಾಧಿಕಾರಿಗಳಿಂದ ಒಂದು ರೂಪಾಯಿಯೂ ಬೇಡ.

ಇನ್ನು ನಿಮ್ಮ ಮನಸ್ತಾಪದ ಮಾತು. ಅದು ಜನರ ದೋಷವಲ್ಲ ಸರ್, ಪುಸ್ತಕದ ದೋಷ. ದುಡ್ಡು ಒಬ್ಬರ ಹತ್ತಿರ, ಲೆಕ್ಕ ಇನ್ನೊಬ್ಬರ ಹತ್ತಿರ ಇರಬೇಕು. ದಿನದ ಜಮಾ ಖರ್ಚು ಅವತ್ತೇ ಕಿರ್ದಿಗೆ ಏರಬೇಕು, ವೋಚರು ಇಲ್ಲದ ಖರ್ಚು ಏರಬಾರದು. ತಿಂಗಳ ಕೊನೆಗೆ ಕೈಶಿಲ್ಕು, ಅಂದರೆ ಕೈಯಲ್ಲಿ ಉಳಿದ ನಗದು, ಎಣಿಸಿ ಇಬ್ಬರೂ ಸಹಿ ಮಾಡಬೇಕು. ಕಳೆದ ವರ್ಷದ 14,000ಕ್ಕೆ ಈಗಲೂ ಕೂತು ನೆನಪಿನಿಂದಲೇ ಒಂದು ಲೆಕ್ಕ ಬರೆಯಿರಿ, ಹೊಂದದ ಮೊತ್ತವನ್ನು "ಹೊಂದಿಲ್ಲ" ಎಂದೇ ಕಾಣಿಸಿ, ಕೊಟ್ಟವರ ಮುಂದೆ ಓದಿರಿ. ಮುಂದಿನ ವಂತಿಗೆ ಅದರ ಮೇಲೆಯೇ ಬರುತ್ತದೆ.

ಕೆಲಸ ಬೆಳೆದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಳ್ಳಿ. ಏಳು ಜನ ಸಾಕು. ನಿಮ್ಮ ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಿರಿ, ಇಬ್ಬರ ಜಂಟಿ ಸಹಿ ಇರಲಿ. ದಾನಿಗಳಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸಬೇಕಾದರೆ ಬೇರೆ ನೋಂದಣಿ ಬೇಕು. ಆಗಲೂ 2,000 ರೂಪಾಯಿ ಮೀರಿದ ನಗದು ದಾನಕ್ಕೆ ಆ ವಿನಾಯಿತಿ ಸಿಗುವುದಿಲ್ಲ. ಆದರೆ ಇದೆಲ್ಲ ಎರಡನೇ ವರ್ಷದ ಮಾತು.

ಪ್ರಶ್ನೆ: ಅಕ್ಕಾರ, ನಮ್ಮ ಕಡೆ ಗೆದ್ದವರು, ಸೋತವರು ಎಲ್ಲಾರೂ ಕೋಟಿಗಟ್ಟಲೆ ಖರ್ಚು ಮಾಡ್ಯಾರಂತ ಊರಿಗೆಲ್ಲಾ ಗೊತ್ತದ. ಅವರು ಸರ್ಕಾರಕ್ಕ ಏನು ಲೆಕ್ಕ ಕೊಟ್ಟಾರ ಅನ್ನೋದನ್ನ ನಮ್ಮಂಥವರು ನೋಡಬಹುದೇನ್ರಿ?
– ರೈತರು, ಬೈಲಹೊಂಗಲ ತಾಲ್ಲೂಕು

ಉತ್ತರ: ನೋಡಬಹುದು ಅಣ್ಣಾವ್ರೇ, ಅದಕ್ಕೆ ಒಂದು ರೂಪಾಯಿ ಸಾಕು. ಉತ್ಪ್ರೇಕ್ಷೆ ಅಲ್ಲ. 1961ರ ಚುನಾವಣಾ ನಿಯಮಗಳಲ್ಲಿ 88ನೇ ನಿಯಮ ಹಾಗೇ ಹೇಳುತ್ತದೆ: ಯಾವುದೇ ವ್ಯಕ್ತಿ ಒಂದು ರೂಪಾಯಿ ಶುಲ್ಕ ಕಟ್ಟಿ ಅಭ್ಯರ್ಥಿಯ ಖರ್ಚಿನ ಲೆಕ್ಕವನ್ನು ನೋಡಬಹುದು, ಬೇರೆ ಶುಲ್ಕ ಕಟ್ಟಿ ದೃಢೀಕೃತ ನಕಲು ಪಡೆಯಬಹುದು. ಅಭ್ಯರ್ಥಿ ಲೆಕ್ಕ ಒಪ್ಪಿಸಿದ ಎರಡು ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗಳು, ಅಂದರೆ ನಮ್ಮಲ್ಲಿ ಜಿಲ್ಲಾಧಿಕಾರಿಗಳು, ಅದನ್ನು ಎಲ್ಲಿ, ಯಾವ ಹೊತ್ತಿಗೆ ನೋಡಬಹುದು ಎಂದು ನೋಟಿಸ್ ಬೋರ್ಡಿಗೆ ಹಚ್ಚಬೇಕು.

2023ರ ವಿಧಾನಸಭಾ ಚುನಾವಣೆ ಆದ ಮೇಲೆ ಜೂನ್ ತಿಂಗಳಲ್ಲಿ ನಾನೂ ಹೋಗಿದ್ದೆ. ಯಾವ ಜಿಲ್ಲೆ, ಯಾವ ಕ್ಷೇತ್ರ ಎಂದು ಇಲ್ಲಿ ಬರೆಯುವುದಿಲ್ಲ. ಒಂದು ರೂಪಾಯಿ ಅಂದಾಗ ಗುಮಾಸ್ತರಿಗೆ ಯಾವ ಶೀರ್ಷಿಕೆಗೆ ಜಮಾ ಮಾಡಬೇಕೆಂದೇ ಗೊತ್ತಿರಲಿಲ್ಲ. ಯಾರೂ ಕೇಳಿಕೊಂಡು ಬಂದಿರಲಿಲ್ಲವಂತೆ. ಕೊನೆಗೆ ಪುಸ್ತಕ ತಂದು ಮೇಜಿನ ಮೇಲೆ ಇಟ್ಟರು. ಅದರಲ್ಲಿ ಮೂರು ಬಣ್ಣದ ಹಾಳೆ ಇರುತ್ತವೆ. ಬಿಳಿ ಹಾಳೆಯಲ್ಲಿ ದಿನದಿನದ ಖರ್ಚು, ಗುಲಾಬಿ ಹಾಳೆಯಲ್ಲಿ ನಗದು, ಹಳದಿ ಹಾಳೆಯಲ್ಲಿ ಬ್ಯಾಂಕಿನ ವ್ಯವಹಾರ. ಚಹಾ, ಕುರ್ಚಿ, ಶಾಮಿಯಾನ, ಮೈಕು, ಬಾಡಿಗೆ ಗಾಡಿ, ಎಲ್ಲಕ್ಕೂ ಜಿಲ್ಲಾಡಳಿತ ಮೊದಲೇ ನಿಗದಿ ಮಾಡಿದ ದರಪಟ್ಟಿ ಇರುತ್ತದೆ. ಅಭ್ಯರ್ಥಿ ಬರೆದ ಸಂಖ್ಯೆಯನ್ನು ಆ ದರದಿಂದ ಗುಣಿಸಿದರೆ ಮೊತ್ತ ಸರಿಯಾಗಿಯೇ ಬರುತ್ತದೆ. ಎಲ್ಲಿ ತಪ್ಪುತ್ತದೆ ಅಂದರೆ, ಸಂಖ್ಯೆಯಲ್ಲಿ.

ಆ ಕ್ಷೇತ್ರದ ಒಂದು ಸಭೆಗೆ ನಾನು, ನನ್ನ ಗೆಳತಿ ಹೋಗಿ ನಿಂತಿದ್ದೆವು. ಅಭ್ಯಾಸ ಬಲದಿಂದ ಕುರ್ಚಿ ಎಣಿಸಿದ್ದೆ. ಇಪ್ಪತ್ತೆಂಟು ಸಾಲು, ಸಾಲಿಗೆ ಮೂವತ್ತಾರು, ಒಟ್ಟು 1,008. ಬಿಳಿ ಹಾಳೆಯಲ್ಲಿ ಅದೇ ದಿನಾಂಕದ ಎದುರು ಇದ್ದದ್ದು "ಕುರ್ಚಿ 300". ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ದೂರು ಕೊಟ್ಟೆವು. ಏಳು ತಿಂಗಳ ಮೇಲೆ ಬಂದ ಉತ್ತರ ಒಂದೇ ಸಾಲು: ಪರಿಶೀಲಿಸಿ ಮುಕ್ತಾಯಗೊಳಿಸಲಾಗಿದೆ. ನನಗೆ ಅದು ಇವತ್ತಿಗೂ ನೋವಿನ ಮಾತೇ. ಆದರೆ ನಮ್ಮ ಕಡೆಯೂ ಕೊರತೆ ಇತ್ತು, ನನ್ನ ಎಣಿಕೆಗೆ ದಿನಾಂಕ ಸಹಿತದ ಫೋಟೊ ಇರಲಿಲ್ಲ. ಈಗ ಇಬ್ಬರು ಹೋಗುತ್ತೇವೆ. ಒಬ್ಬರು ಎಣಿಸುತ್ತಾರೆ, ಒಬ್ಬರು ವಿಡಿಯೊ ಮಾಡುತ್ತಾರೆ.

ನೀವು ತಿಳಿದಿರಬೇಕಾದ ಲೆಕ್ಕ ಇನ್ನೊಂದಿದೆ. 2022ರಿಂದ ವಿಧಾನಸಭೆಗೆ ಖರ್ಚಿನ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಅದನ್ನು ಮೀರಿದರೆ ಚುನಾವಣಾ ಭ್ರಷ್ಟಾಚಾರ. ಕ್ಷೇತ್ರದ ಮತದಾರರು ಯಾರು ಬೇಕಾದರೂ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಆದರೆ ಫಲಿತಾಂಶ ಬಂದ 45 ದಿನದೊಳಗೆ ಹಾಕಬೇಕು. ಅಭ್ಯರ್ಥಿಗೆ ಲೆಕ್ಕ ಒಪ್ಪಿಸಲು ಕೊಟ್ಟಿರುವ ಕಾಲ 30 ದಿನ. 2023ರಲ್ಲಿ ಮೇ 13ಕ್ಕೆ ಫಲಿತಾಂಶ ಬಂತು. ಲೆಕ್ಕಕ್ಕೆ ಜೂನ್ 12 ಕೊನೆ, ಅರ್ಜಿಗೆ ಜೂನ್ 27 ಕೊನೆ. ನಡುವೆ ಉಳಿದದ್ದು ಹದಿನೈದು ದಿನ. ಅಷ್ಟರಲ್ಲಿ ಪುಸ್ತಕ ನೋಡಿ, ನಕಲು ತೆಗೆಸಿ, ವಕೀಲರನ್ನು ಹಿಡಿದು, ಸಾಕ್ಷಿ ಜೋಡಿಸಿ ಬೆಂಗಳೂರಿಗೋ ಧಾರವಾಡ ಪೀಠಕ್ಕೋ ಕಲಬುರಗಿಗೋ ಓಡಬೇಕು. ನ್ಯಾಯಾಲಯದಲ್ಲಿ ಇಡಬೇಕಾದ ಠೇವಣಿ ಬರೀ 2,000 ರೂಪಾಯಿ, ಆದರೆ ಉಳಿದ ಖರ್ಚು ಬಡವರ ಕೈಗೆ ಎಟುಕುವಂಥದ್ದಲ್ಲ. ಮೇಲಿನ ಪ್ರಶ್ನೆಯಲ್ಲಿ ಹಾವೇರಿಯ ಹಿರಿಯರು ಹಣ ಯಾಕೆ, ಹೇಗೆ ಎಂದು ಕೇಳಿದರಲ್ಲ, ನಾವು ವಂತಿಗೆ ಕೂಡಿಡುತ್ತಿರುವುದು ಮುಖ್ಯವಾಗಿ ಈ ಹದಿನೈದು ದಿನಕ್ಕೆ. ಮುಂದಿನ ಚುನಾವಣೆ ಬರುವುದರೊಳಗೆ ಒಂದು ಗಟ್ಟಿ ಅರ್ಜಿಗೆ ಬೇಕಾದಷ್ಟು ನಮ್ಮ ಖಾತೆಯಲ್ಲಿ ಇರಬೇಕು ಎಂಬುದು ನನ್ನ ಹಟ.

ಕೋರ್ಟಿನ ಗಡುವು ಮುಗಿದರೂ ಚುನಾವಣಾ ಆಯೋಗದ ಬಾಗಿಲು ಮುಚ್ಚುವುದಿಲ್ಲ. ಲೆಕ್ಕವನ್ನು ಕಾನೂನಿನ ಪ್ರಕಾರ ಒಪ್ಪಿಸದವರನ್ನು ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಕಾಗದ ಒಪ್ಪಿಸಿದರೆ ಮುಗಿಯಿತೇ, ಅದು ಸುಳ್ಳೋ ನಿಜವೋ ಎಂದು ಆಯೋಗ ನೋಡಬಹುದೇ ಎಂಬ ಪ್ರಶ್ನೆ ಎದ್ದದ್ದು ನಮ್ಮ ನಾಗಮಂಗಲ ಕ್ಷೇತ್ರದ ಮೊಕದ್ದಮೆಯಲ್ಲೇ. ನೋಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. 2014ರಲ್ಲಿ ಮಹಾರಾಷ್ಟ್ರದ ಮಾಜಿ ಮುಖ್ಯಮಂತ್ರಿ ಅಶೋಕ್ ಚವಾಣ್ ಪ್ರಕರಣದಲ್ಲಿ ಅದೇ ಮಾತನ್ನು ಎತ್ತಿಹಿಡಿಯಿತು.

ಪ್ರಶ್ನೆ: ಮೇಡಂ, ನಾನು ಬಿ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿನಿ. ಚುನಾವಣಾ ಬಾಂಡ್‌ಗಳನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತಲ್ಲ, ಇನ್ನು ಸುಧಾರಣೆಗೆ ಏನು ಉಳಿದಿದೆ?
– ತುಮಕೂರು

ಉತ್ತರ: ತುಂಬ ಉಳಿದಿದೆ ತಂಗಿ. ಮೊದಲು ಆಗಿದ್ದನ್ನು ನೋಡೋಣ. 2018ರ ಜನವರಿಯಲ್ಲಿ ಬಂದ ಬಾಂಡ್ ಯೋಜನೆ ಅಂದರೆ, ಸ್ಟೇಟ್ ಬ್ಯಾಂಕಿನಲ್ಲಿ ಬಾಂಡ್ ಕೊಂಡು ಪಕ್ಷಕ್ಕೆ ದೇಣಿಗೆಯಾಗಿ ಕೊಡುವುದು. ಅದರಲ್ಲಿ ಕೊಟ್ಟವರ ಹೆಸರು ಸ್ಟೇಟ್ ಬ್ಯಾಂಕಿಗೆ ಗೊತ್ತಿತ್ತು, ಮತದಾರನಿಗೆ ಗೊತ್ತಾಗುತ್ತಿರಲಿಲ್ಲ. 2024ರ ಫೆಬ್ರವರಿ 15ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ರದ್ದು ಮಾಡಿದರು. ವಿವರ ಕೊಡಲು ಬ್ಯಾಂಕು ಜೂನ್ 30ರವರೆಗೆ ಸಮಯ ಕೇಳಿತು. ಮಾರ್ಚ್ 11ಕ್ಕೆ ಕೋರ್ಟು ಅದನ್ನು ತಳ್ಳಿಹಾಕಿ ಮರುದಿನವೇ ಕೊಡಿ ಅಂದಿತು, ಬ್ಯಾಂಕು ಕೊಟ್ಟಿತು. ಮಾರ್ಚ್ 14ರ ಸಂಜೆ ಆಯೋಗದ ಜಾಲತಾಣದಲ್ಲಿ ಆ ಪಟ್ಟಿ ತೆರೆದಾಗ ನಾನು ಕನ್ನಡಕ ಒರೆಸಿಕೊಂಡು ರಾತ್ರಿ ಎರಡರವರೆಗೆ ಓದಿದೆ. ಕೊಂಡವರ ಪಟ್ಟಿ ಒಂದು ಕಡೆ, ಪಡೆದ ಪಕ್ಷಗಳ ಪಟ್ಟಿ ಇನ್ನೊಂದು ಕಡೆ. ಯಾರದ್ದು ಯಾರಿಗೆ ಎಂದು ಜೋಡಿಸುವ ನಂಬರು ಬಂದದ್ದು ಮಾರ್ಚ್ 21ಕ್ಕೆ. ಲಾಟರಿ ಕಂಪನಿಯೊಂದೇ 1,368 ಕೋಟಿ ರೂಪಾಯಿಯ ಬಾಂಡ್ ಕೊಂಡಿತ್ತು.

ಈ ಮೊಕದ್ದಮೆ ನಡೆಸಿದವರಲ್ಲಿ ಮುಖ್ಯರು ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಸಂಸ್ಥೆಯವರು. 1999ರಲ್ಲಿ ಅಹಮದಾಬಾದಿನ ಐಐಎಂನ ಕೆಲವು ಪ್ರಾಧ್ಯಾಪಕರು ಸೇರಿ ಕಟ್ಟಿದ್ದು ಅದು. ಅವರಲ್ಲಿ ತ್ರಿಲೋಚನ ಶಾಸ್ತ್ರಿಯವರು ಆಮೇಲೆ ನಮ್ಮ ಬೆಂಗಳೂರಿನ ಐಐಎಂಗೆ ಬಂದರು. ಅಭ್ಯರ್ಥಿಗಳು ಆಸ್ತಿ, ಪ್ರಕರಣ ಘೋಷಿಸಬೇಕು ಎಂದು 2002ರ ಮೇ ತಿಂಗಳಲ್ಲಿ ತೀರ್ಪು ಬಂದಿದ್ದೂ ಅವರ ಅರ್ಜಿಯಿಂದಲೇ. ಸಂಸತ್ತು ಅದನ್ನು ಮೊಟಕು ಮಾಡಲು ಕಾನೂನು ತಂದಾಗ, 2003ರ ಮಾರ್ಚ್‌ನಲ್ಲಿ ಕೋರ್ಟು ಅದನ್ನೂ ಹೊಡೆದುಹಾಕಿತು. ನಾವು ಮಾರುಕಟ್ಟೆಯಲ್ಲಿ ಹಂಚಿದ ಹಾಳೆ ಆ ತೀರ್ಪಿನ ಕೂಸು.

ಉಳಿದದ್ದು ಏನು? 20,000 ರೂಪಾಯಿ ಮೀರದ ದೇಣಿಗೆ ಯಾರದ್ದು ಎಂದು ಪಕ್ಷಗಳು ಆಯೋಗಕ್ಕೆ ಹೇಳಬೇಕಿಲ್ಲ. ಕಂಪನಿಗಳಿಂದ ದೇಣಿಗೆ ಕೂಡಿಸಿ ಪಕ್ಷಗಳಿಗೆ ಹಂಚುವ ಚುನಾವಣಾ ಟ್ರಸ್ಟ್‌ಗಳ ಮೂಲಕ ಹೋಗುವ ಹಣದಲ್ಲಿ ಕೊಟ್ಟ ಕಂಪನಿಗಳ ಹೆಸರೂ ಸಿಗುತ್ತದೆ, ಪಡೆದ ಪಕ್ಷಗಳ ಹೆಸರೂ ಸಿಗುತ್ತದೆ, ಯಾವ ಕಂಪನಿಯದ್ದು ಯಾವ ಪಕ್ಷಕ್ಕೆ ಎಂಬುದು ಸಿಗುವುದಿಲ್ಲ. ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕಿಗೆ ಒಳಪಡುತ್ತವೆ ಎಂದು 2013ರ ಜೂನ್‌ನಲ್ಲಿ ಕೇಂದ್ರ ಮಾಹಿತಿ ಆಯೋಗ ಆದೇಶ ಮಾಡಿತು. ಪಕ್ಷಗಳು ಅದನ್ನು ಪಾಲಿಸಲಿಲ್ಲ. ನನ್ನ ಮನಸ್ಸಿಗೆ ಎಲ್ಲಕ್ಕಿಂತ ದೊಡ್ಡದು ಅಂದರೆ, ಅಭ್ಯರ್ಥಿಗೆ ಮಿತಿ ಇದೆ, ಪಕ್ಷಕ್ಕೆ ಇಲ್ಲ. ಪಕ್ಷ ಮಾಡಿದ ಖರ್ಚನ್ನೂ ಅಭ್ಯರ್ಥಿಯ ಲೆಕ್ಕಕ್ಕೆ ಸೇರಿಸಬೇಕು ಎಂದು 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ಅದೇ ವರ್ಷ ಕಾನೂನು ತಿದ್ದಿ ಆ ತೀರ್ಪನ್ನು ನಿಷ್ಫಲ ಮಾಡಿದರು. 2003ರಲ್ಲಿ ಆ ವಿನಾಯಿತಿಯನ್ನು ತಾರಾ ಪ್ರಚಾರಕರ ಓಡಾಟಕ್ಕೆ ಇಳಿಸಿದರು ನಿಜ, ಆದರೆ ಪಕ್ಷ ತನ್ನ ಹೆಸರಿನಲ್ಲಿ ಮಾಡುವ ಖರ್ಚಿಗೆ ಇವತ್ತಿಗೂ ಮೇಲ್ಮಿತಿ ಇಲ್ಲ. ಹೊಲಕ್ಕೆ ಮೂರು ಕಡೆ ಬೇಲಿ ಹಾಕಿ ಒಂದು ಕಡೆ ಬಿಟ್ಟ ಹಾಗೆ. ನೀವು ಬಿ.ಕಾಂ. ಓದಿದವರು, ಪಕ್ಷಗಳ ವಾರ್ಷಿಕ ಲೆಕ್ಕ ಆಯೋಗದ ಜಾಲತಾಣದಲ್ಲಿ ಇರುತ್ತದೆ. ಒಂದನ್ನು ಇಳಿಸಿಕೊಂಡು ಆದಾಯದ ಮೂಲಗಳ ಪುಟ ಓದಿ ನನಗೆ ಬರೆಯಿರಿ.

ಪ್ರಶ್ನೆ: ನನ್ನ ಮಗ ಅಮೆರಿಕದಲ್ಲಿದ್ದಾನೆ. ನಿಮ್ಮಂಥ ಗುಂಪಿಗೆ ಹಣ ಕಳಿಸಬೇಕೆಂದು ಅವನ ಆಸೆ. ಕಳಿಸಬಹುದೇ?
– ಗೃಹಿಣಿ, ಮೈಸೂರು

ಉತ್ತರ: ಅಮ್ಮಾ, ಮೊದಲು ಅವರ ಪಾಸ್‌ಪೋರ್ಟ್ ಯಾವುದು ಎಂದು ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದು, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ ಸಹ, ಅವರು ಕೊಟ್ಟದ್ದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದ ನಮ್ಮಂಥವರು ಅದನ್ನು ಮುಟ್ಟುವಂತಿಲ್ಲ. ನಮ್ಮ ಗುಂಪಂತೂ ಹೊರದೇಶದ ಪೌರರಿಂದ ತೆಗೆದುಕೊಳ್ಳುವುದಿಲ್ಲ. ಮಗನಿಗೆ ನನ್ನ ಆಶೀರ್ವಾದ ಹೇಳಿ. ಲೆಕ್ಕದ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸವಿದೆ. ಬಿಡುವಿದ್ದರೆ ಅದನ್ನು ಮಾಡಿಕೊಡಲಿ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘಕ್ಕೆ ಎಲೆಕ್ಷನ್ ಬಂದಾಗ ಕವರು ತಂದು ಕೊಡುತ್ತಾರೆ. ಬೇಡ ಅಂದರೆ ನಾಳೆ ರಸ್ತೆ, ನೀರು ಕೇಳಲು ಹೋದಾಗ ಮುಖ ತಿರುಗಿಸುತ್ತಾರೆ ಎಂಬ ಭಯ. ಏನು ಮಾಡಬೇಕು?
– ಸಂಘದ ಸದಸ್ಯೆ, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ಭಯ ಸುಳ್ಳಲ್ಲ, ಅದನ್ನು ಮೊದಲು ಒಪ್ಪುತ್ತೇನೆ. ದಿನಗೂಲಿ ಮಾಡುವ ಮನೆಯಲ್ಲಿ ಐನೂರು ರೂಪಾಯಿ ಅಂದರೆ ಎಷ್ಟು ಎಂಬುದು ನನಗೂ ಗೊತ್ತು. ಕಾನೂನಿನಲ್ಲಿ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಒಬ್ಬೊಬ್ಬರೇ ಬೇಡ ಅನ್ನುವುದು ಕಷ್ಟ. ಅದಕ್ಕೇ ಚುನಾವಣೆ ಘೋಷಣೆ ಆಗುವ ಮೊದಲೇ ವಾರದ ಸಭೆಯಲ್ಲಿ, "ಈ ಸಂಘ ಯಾವ ಪಕ್ಷದಿಂದಲೂ ಹಣ, ಸೀರೆ, ಕುಕ್ಕರು ಪಡೆಯುವುದಿಲ್ಲ" ಎಂದು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ. ಆಮೇಲೆ ಬಂದವರಿಗೆ "ಪುಸ್ತಕದಲ್ಲಿ ಬರೆದಾಗಿದೆ ಅಣ್ಣ" ಎಂದರೆ ಸಾಕು, ಅದು ಯಾರೊಬ್ಬಳ ಮಾತೂ ಆಗುವುದಿಲ್ಲ. ನಮ್ಮ ಪಕ್ಕದ ಹಳ್ಳಿಯ ಸಂಘವೊಂದು ಹೀಗೆ ಮಾಡಿತು. ಮೂರು ಪಕ್ಷದವರಿಗೂ ಒಂದೇ ಉತ್ತರ ಸಿಕ್ಕಿದ್ದರಿಂದ ಯಾರೂ ಸಿಟ್ಟಾಗಲಿಲ್ಲ. ಹಂಚುವುದನ್ನು ಕಂಡರೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೊ ಹಾಕಬಹುದು, ಹೆಸರು ಹೇಳಬೇಕಿಲ್ಲ. 100 ನಿಮಿಷದಲ್ಲಿ ಕ್ರಮವಾಗಬೇಕು ಎಂಬುದು ಆಯೋಗದ ವ್ಯವಸ್ಥೆ.

ಪ್ರಶ್ನೆ: ರಸೀದಿ ಪುಸ್ತಕ ಹೇಗಿರಬೇಕು?
– ಯುವಕ ಸಂಘದ ಖಜಾಂಚಿ, ಸಾಗರ

ಉತ್ತರ: ನೂರು ಹಾಳೆಯದ್ದು, ಕಾರ್ಬನ್ ನಕಲು ಉಳಿಯುವಂಥದ್ದು, ಪ್ರೆಸ್ಸಿನಲ್ಲೇ ಕ್ರಮಸಂಖ್ಯೆ ಒತ್ತಿಸಿದ್ದು. ಹೆಸರು, ಊರು, ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ, ನಗದೋ ಯುಪಿಐಯೋ, ಪಡೆದವರ ಸಹಿ. ತಪ್ಪಾದ ರಸೀದಿಯನ್ನು ಹರಿದು ಎಸೆಯಬೇಡಿ. ಎರಡು ಗೆರೆ ಎಳೆದು "ರದ್ದು" ಎಂದು ಬರೆದು, ಮೂಲ ಪ್ರತಿಯನ್ನು ನಕಲಿಗೆ ಪಿನ್ನು ಹಾಕಿ ಪುಸ್ತಕದಲ್ಲೇ ಇಡಿ. ಮುದ್ರಣದವರಿಂದ ಎಷ್ಟು ಪುಸ್ತಕ, ಯಾವ ನಂಬರಿನಿಂದ ಯಾವ ನಂಬರಿನವರೆಗೆ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ನಮ್ಮ ಒಂದನೇ ನಂಬರಿನ ರಸೀದಿಯ ನಕಲು ಇನ್ನೂ ಇದೆ: ಕಾಯಿಪಲ್ಯೆ ಅಜ್ಜಿ, ಸುಭಾಸ ರಸ್ತೆ, ಇಪ್ಪತ್ತು ರೂಪಾಯಿ ಮಾತ್ರ.